ಅಟ್ಟದ ಕಾಯಿ, ಮಡಿಯ ಕಾಯಿ

ಬೀಜದಲ್ಲಿ ವೃಕ್ಷವು ಅಡಗಿರುವಂತೆ ಜೀವನಲ್ಲಿ ಶಿವತತ್ತ್ವವು ಅಡಗಿರುವುದೆಂಬುದು ಶಾಸ್ತ್ರಗಳ ನಿರ್ಣಯ. ಶರಣರ ಅನುಭವವೂ ಅದೇ. ಆದರೆ ಅಡಗಿರುವುದೆಲ್ಲವೂ ತನ್ನಷ್ಟಕ್ಕೆ ತಾನೇ ಪ್ರಕಟವಾಗುವುದೆಂದು ಯಾರೂ ಹೇಳಿಲ್ಲ. ಡಬ್ಬಿಯಲ್ಲಿಟ್ಟ ಬೀಜವು ಡಬ್ಬಿಯಲ್ಲಿಯೇ ಮುದಿಯಾಗುವುದು. ನೀರಿನಲ್ಲಿ ಮುಳುಗಿದ ಬೀಜವು ಕೊಳೆಯುವುದು. ಅಕಾಲದಲ್ಲಿ ಬಿಸಿಲಿಗೆ ಸಿಕ್ಕಿದ ಮೊಳಕೆಯು ಬಾಡುವುದು. ಬೀಜಕ್ಕೂ ವೃಕ್ಷಕ್ಕೂ ನಡುವೆ ಸ್ವಲ್ಪ ಕತ್ತಲೆ, ಸ್ವಲ್ಪ ತೇವ, ಸ್ವಲ್ಪ ನೆರಳು, ಇವನ್ನೆಲ್ಲ ಅಳತೆಯರಿತು ಕೊಡುವ ಒಂದು ಕೈ, ಇಷ್ಟು ಬೇಕು. ಆ ಕೈಯುಳ್ಳವನನ್ನೇ ತೋಟದಲ್ಲಿ ತೋಟಗಾರನೆನ್ನುವರು, ಶಾಲೆಯಲ್ಲಿ ಉಪಾಧ್ಯಾಯನೆನ್ನುವರು, ಪರಮಾರ್ಥದಲ್ಲಿ ಗುರುವೆನ್ನುವರು.

ಅಲ್ಲಮಪ್ರಭುದೇವರು ತೋಟದ ಗೊಗ್ಗಯ್ಯನನ್ನು ಸಂಧಿಸಿದ ಪ್ರಸಂಗವು ನಮ್ಮ ಸಂಪ್ರದಾಯದಲ್ಲಿ ಸುಪ್ರಸಿದ್ಧವಾದುದು. ಗೊಗ್ಗಯ್ಯನು ಗುದ್ದಲಿ ಹಿಡಿದು ನೆಲವನ್ನು ಅಗೆಯುತ್ತಿದ್ದನು. ಪ್ರಭುದೇವರು ಅವನ ಕೈಯ ಗುದ್ದಲಿಯನ್ನು ಬಿಸಾಡಿಸಲಿಲ್ಲ. ಅವನ ಕಾಯಕವನ್ನು ಹಳಿಯಲಿಲ್ಲ. ಹೊರಗೆ ನಡೆಯುತ್ತಿದ್ದ ಆ ಕೃಷಿಯನ್ನೇ ತೋರಿಸಿ ಒಳಗಿನ ಕೃಷಿಯನ್ನು ಬೋಧಿಸಿದರು. ತೋಟಗಾರನಿಗೆ ತೋಟದ ಭಾಷೆಯಲ್ಲಿಯೇ ತತ್ತ್ವವನ್ನು ಹೇಳುವುದು ಶರಣರ ಬೋಧನಾಕ್ರಮ. ಒಕ್ಕಲಿಗ ಮುದ್ದಣ್ಣನೆಂಬ ಶರಣನು ಬೇಸಾಯವನ್ನು ಬಿಡದೆಯೇ ವಚನಕಾರನಾದನು. ಆದಕಾರಣ ತೆಂಗಿನ ಸೀಮೆಯ ಮಕ್ಕಳಿಗೆ ತತ್ತ್ವವನ್ನು ಹೇಳಬೇಕಾದರೆ ತೆಂಗಿನ ಕಾಯಿಯನ್ನೇ ಪುಸ್ತಕವನ್ನಾಗಿ ಬಿಚ್ಚುವುದು ಯುಕ್ತ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಸಮೀಪದಲ್ಲಿ, ಬೋರನಕಣಿವೆಯುಂಟು. ಎರಡು ಕಡೆಯ ಗುಡ್ಡಗಳ ನಡುವೆ ಹರಿಯುವ ಸುವರ್ಣಮುಖಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಅಲ್ಲಿ ಕಟ್ಟೆಯನ್ನು ಕಟ್ಟಿದರು. ಮಳೆ ಒಲಿದ ವರ್ಷ ಅಲ್ಲಿ ನೀರು ಗುಡ್ಡದ ಬುಡವನ್ನು ಮುಟ್ಟುವುದು. ಮುನಿದ ವರ್ಷ ಕೆರೆಯ ತಳದಲ್ಲಿ ದನ ಮೇಯುವುವು. ಅಲ್ಲಿಂದ ತಿಪಟೂರು, ತುರುವೇಕೆರೆಗಳವರೆಗೆ ಎಲ್ಲಿ ನೋಡಿದರೂ ತೆಂಗು. ತೆಂಗಿನ ನಡುವೆ ಊರು. ಊರಿನ ನಡುವೆ ಕೊಬ್ಬರಿಯ ಮಾತು. ಈ ಸೀಮೆಯ ಮನೆಗಳಲ್ಲಿ ಮದುವೆ, ಮಕ್ಕಳ ಓದು, ಸಾಲದ ತೀರುವಳಿ ಎಲ್ಲವೂ ತಿಪಟೂರಿನ ಮಾರುಕಟ್ಟೆಯ ಕೊಬ್ಬರಿಯ ದರವನ್ನು ಕೇಳಿಯೇ ನಿಶ್ಚಯವಾಗುವುವು.

ಈ ನಾಡಿನಲ್ಲಿ ಒಂದೇ ಮರದ ಒಂದೇ ಗೊನೆಯ ಕಾಯಿಗಳಿಗೆ ಎರಡು ದಾರಿಗಳುಂಟು. ಒಂದು ಅಟ್ಟದ ದಾರಿ, ಇನ್ನೊಂದು ಮಡಿಯ ದಾರಿ.

ಅಟ್ಟಕ್ಕೆ ಹೋಗುವ ಕಾಯಿಯನ್ನು ಸಿಪ್ಪೆ ಸುಲಿಯದೆ ಹಾಗೆಯೇ ನೆರಳಿನಲ್ಲಿ, ನೆಲದ ತೇವ ತಗುಲದಂತೆ, ಎತ್ತರದಲ್ಲಿ ಇಡುವರು. ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆಯುವುದು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುವುದು. ತಿರುಳು ಒಣಗಿ ಕರಟವನ್ನು ಬಿಟ್ಟು ಬೇರೆಯಾಗುವುದು. ಕೊನೆಗೊಂದು ದಿನ ಕಾಯಿಯನ್ನೆತ್ತಿ ಅಲ್ಲಾಡಿಸಿದರೆ ಒಳಗೆ ಲೊಟಲೊಟನೆ ಸದ್ದಾಗುವುದು. ಆ ಸದ್ದೇ ಕೊಬ್ಬರಿಯು ಸಿದ್ಧವಾಯಿತೆಂಬುದಕ್ಕೆ ಸಾಕ್ಷಿ. ತಿಪಟೂರಿನ ಉಂಡೆ ಕೊಬ್ಬರಿಯೆಂದು ದೇಶಾಂತರಗಳಲ್ಲಿ ಹೆಸರಾದುದು ಇದೇ. ಅಟ್ಟದ ಮೇಲಿದ್ದ ಕಾಯಿಯೇನಾದರೂ ಮೊಳೆತುಬಿಟ್ಟರೆ ರೈತನು ಅದನ್ನು ನಷ್ಟದ ಲೆಕ್ಕಕ್ಕೆ ಬರೆಯುವನು.

ಮಡಿಗೆ ಹೋಗುವ ಕಾಯಿಯ ಕಥೆ ಬೇರೆ. ಅದನ್ನು ಆರಿಸುವಾಗಲೇ ರೈತನು ಮರದ ಮುಖವನ್ನು ನೋಡುವನು. ಎಳೆಯ ಮರವಾಗಬಾರದು, ಮುಪ್ಪಿನ ಮರವಾಗಬಾರದು. ವರ್ಷ ತಪ್ಪದೆ ಫಲ ಕೊಡುತ್ತಿರಬೇಕು. ನೆತ್ತಿಯಲ್ಲಿ ಗರಿಗಳು ದಟ್ಟವಾಗಿರಬೇಕು. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿಯನ್ನು ಇಳಿಸಿ, ಕೆಲಕಾಲ ನೆರಳಿನಲ್ಲಿಟ್ಟು, ಮುಂಗಾರಿನ ಮೊದಲಿಗೆ ಅರೆನೆರಳಿನ ಮಡಿಯಲ್ಲಿ ಹೂಳುವರು. ಇಲ್ಲಿಯೂ ಕಾಯುವಿಕೆಯುಂಟು. ಎರಡು ಮೂರು ತಿಂಗಳವರೆಗೆ ಮೇಲೆ ಏನೂ ಕಾಣದು. ಐದಾರು ತಿಂಗಳಾದರೂ ಮೊಳೆಯದ ಕಾಯಿಯನ್ನು ತೆಗೆದುಹಾಕುವರು. ಮೊಳೆತವುಗಳಲ್ಲಿಯೂ ಬೇಗ ಮೊಳೆತುದು, ಬುಡ ದಪ್ಪನಾದುದು, ಆರು ಎಲೆಗಳಿಗೆ ಕಡಮೆಯಿಲ್ಲದುದು, ಎಲೆ ಬೇಗ ಗರಿಗರಿಯಾಗಿ ಸೀಳಿದುದು, ಇಂಥವನ್ನೇ ಒಂಬತ್ತು ತಿಂಗಳಿನಿಂದ ವರ್ಷದೊಳಗೆ ಆರಿಸಿ ತೋಟಕ್ಕೆ ಒಯ್ಯುವರು. ೧೯೧೬ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದಂದಿನಿಂದ ವಿದ್ವಾಂಸರು ಅಳೆದು ನೋಡಿ ಹೇಳಿದ ಲಕ್ಷಣಗಳೂ ಹಿರಿಯ ರೈತರ ಕಣ್ಣಳತೆಯ ಲಕ್ಷಣಗಳೂ ಬಹುಮಟ್ಟಿಗೆ ಒಂದೇ ಆಗಿರುವುದು ಸಂತೋಷದ ವಿಷಯ.

ಒಂದು ವಿಶೇಷವನ್ನು ಗಮನಿಸಬೇಕು. ತೆಂಗಿನ ಕಾಯಿಗೆ ಮೂರು ಕಣ್ಣುಗಳು. ಈ ಕಾರಣದಿಂದಲೇ ಅದು ಮುಕ್ಕಣ್ಣನಿಗೆ ಪ್ರಿಯವೆಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಮೂರರಲ್ಲಿ ಎರಡು ಗಟ್ಟಿಯಾಗಿ ಮುಚ್ಚಿರುವುವು. ಒಂದು ಮಾತ್ರ ಮೃದು. ಆ ಮೃದುವಾದ ಕಣ್ಣಿನ ಹಿಂದೆಯೇ ಭ್ರೂಣವು ಮಲಗಿರುವುದು. ಕಲ್ಲಿಗೆ ಕುಕ್ಕಿದರೆ ಒಡೆಯುವ ಕರಟವನ್ನು ಮೊಳಕೆಯು ಒಡೆಯುವುದಿಲ್ಲ. ತನಗಾಗಿ ಬಿಟ್ಟ ಮೃದುವಾದ ಬಾಗಿಲಿನಿಂದ ಹೊರಬರುವುದು. ಒಳಗೆ ಬೆಳ್ಳಗಿನ ಮೃದುವಾದ ಉಂಡೆಯೊಂದು ಬೆಳೆದು ತಿರುಳನ್ನು ಕರಗಿಸಿ ಸಸಿಗೆ ಉಣಿಸುವುದು. ಬೇರು ನೆಲವನ್ನು ಹಿಡಿದು ಸ್ವತಂತ್ರವಾಗಿ ಉಣ್ಣುವವರೆಗೆ ತಾಯಿಕಾಯಿಯೇ ಅದರ ದಾಸೋಹದ ಮನೆ. ಆದುದರಿಂದಲೇ ಸಸಿಯನ್ನು ಕಾಯಿಯಿಂದ ಬೇರ್ಪಡಿಸದೆ ಕಾಯಿಸಮೇತ ನೆಡುವುದು.

ಕೊಬ್ಬರಿಯು ತುಚ್ಛವೆಂದು ಇಲ್ಲಿ ಹೇಳುತ್ತಿಲ್ಲ. ಕೊಬ್ಬರಿಯೇ ಈ ಸೀಮೆಗೆ ಅನ್ನವನ್ನು ಕೊಟ್ಟಿದೆ. ಆದರೆ ವಿದ್ಯೆಯ ವಿಷಯದಲ್ಲಿ ವಿಚಾರ ಬೇರೆಯಾಗಿದೆ. ವಿದ್ಯಾರ್ಥಿಯೂ ಒಂದು ಕಾಯಿ. ಅವನನ್ನೂ ಮನೆಯವರು ಕೆಲವು ವರ್ಷ ಒಂದು ಸೂರಿನ ಕೆಳಗೆ ಇಟ್ಟು ಹೋಗುವರು. ಆ ಸೂರು ಅಟ್ಟವೋ ಮಡಿಯೋ? ಶ್ಲೋಕ ನೂರು, ವಚನ ಇನ್ನೂರು ಬಾಯಿಪಾಠವಾಗಿ, ಒಳಗಿನ ರಸವೆಲ್ಲ ಇಂಗಿ, ಅಲ್ಲಾಡಿಸಿದಾಗ ಸದ್ದು ಮಾಡುವ ವಿದ್ಯೆಯೊಂದುಂಟು. ಸಭೆಯಲ್ಲಿ ಅದಕ್ಕೆ ಬೆಲೆಯೂ ಬರುವುದು. ಇನ್ನೊಂದು ವಿದ್ಯೆಯು ಸದ್ದು ಮಾಡುವುದಿಲ್ಲ. ಬಹುಕಾಲ ಕಣ್ಣಿಗೂ ಕಾಣುವುದಿಲ್ಲ. ಆದರೆ ಒಂದು ದಿನ ಮೃದುವಾದ ಕಣ್ಣನ್ನು ತೆರೆದು ಹೊರಬರುವುದು. ಮಠವೂ ಪಾಠಶಾಲೆಯೂ ಅಟ್ಟವಾಗಬೇಕೋ ಮಡಿಯಾಗಬೇಕೋ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

'ಮಡಿ' ಎಂಬ ಶಬ್ದಕ್ಕೆ ಶುದ್ಧಿಯೆಂಬ ಅರ್ಥವೂ ಉಂಟಷ್ಟೆ. ಮಣ್ಣು ಮುಟ್ಟಿದರೆ ಮಡಿ ಕೆಡುವುದೆಂದು ಭಾವಿಸುವವರು ಈ ಶಬ್ದದ ಎರಡನೆಯ ಅರ್ಥವನ್ನು ನೆನೆಯಬೇಕು. ಸಸಿಯ ಮಡಿ ಇರುವುದು ಮಣ್ಣಿನಲ್ಲಿಯೇ. ಕಾಯಕದಿಂದ ಕೈಗೆ ಹತ್ತಿದ ಮಣ್ಣನ್ನು ಶರಣರು ಮೈಲಿಗೆಯೆನ್ನಲಿಲ್ಲ.

ಬೀಜವನ್ನು ಮನೆಯೊಳಗೆ ಮೊಳೆಯಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಶೈವಾಗಮಗಳಲ್ಲಿ ಅಂಕುರಾರ್ಪಣವೆಂಬ ಕರ್ಮವು ವಿಹಿತವಾಗಿದೆ. ಉತ್ಸವಕ್ಕೆ ಕೆಲವು ದಿನಗಳ ಮೊದಲು ಪಾಲಿಕೆಗಳೆಂಬ ಪಾತ್ರೆಗಳಲ್ಲಿ ಮಣ್ಣು ತುಂಬಿ, ಧಾನ್ಯಗಳನ್ನು ಬಿತ್ತಿ, ನೀರು ಚಿಮುಕಿಸಿ ಒಳಗೆ ಕಾಪಾಡುವರು. ಓಷಧಿಗಳಿಗೆ ಚಂದ್ರನು ಅಧಿಪತಿಯಾದುದರಿಂದ ಇದನ್ನು ರಾತ್ರಿಯಲ್ಲಿ ಮಾಡುವ ವಾಡಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟವನ್ನು ಕೂರಿಸಿ ಸುತ್ತಲೂ ಕಾಳು ಬಿತ್ತಿ ಒಂಬತ್ತು ದಿನ ಸಸಿ ಬೆಳೆಸುವರು. ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಕನ್ಯೆಯರು ಬುಟ್ಟಿಯಲ್ಲಿ ಗೋದಿ ಬಿತ್ತಿ ನೀರೆರೆಯುವರು. ಯಾವ ಮತವಾದರೂ ಯಾವ ಕುಲವಾದರೂ ಶುಭಕಾರ್ಯದ ಮೊದಲು ಮನುಷ್ಯನು ಒಂದು ಬೀಜವನ್ನು ಕತ್ತಲೆಯಲ್ಲಿಟ್ಟು ನಂಬಿಕೆಯಿಂದ ಕಾದಿದ್ದಾನೆ. ಆದರೆ ಉತ್ಸವ ಮುಗಿದ ಮೇಲೆ ಆ ಮೊಳಕೆಗಳನ್ನು ನೀರಿಗೆ ಬಿಡುವುದುಂಟು. ಶರಣರ ದೃಷ್ಟಿಯು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದು: ಮೊಳೆಯಿಸಿದುದನ್ನು ನೆಲಕ್ಕೆ ಕೊಡಬೇಕು, ನೆಲವು ಕೊಟ್ಟುದನ್ನು ಜಂಗಮಕ್ಕೆ ಕೊಡಬೇಕು. ಅಂಕುರಾರ್ಪಣವು ಕಾಯಕವಾಗಿ ಬೆಳೆದು ದಾಸೋಹವಾಗಿ ಫಲಿಸಬೇಕು.

ಮಕ್ಕಳ ಶಿಕ್ಷಣದಲ್ಲಿ ಕೈಕೆಲಸಕ್ಕೆ ಸ್ಥಾನವಿರಬೇಕೆಂದು ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. ಈಗ ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಅಕ್ಷರ ದಾಸೋಹಕ್ಕೆ ಜೊತೆಯಾಗಿ ಅಕ್ಷರ ಕೈತೋಟವೆಂಬುದೂ ಇದೆ. ಹೆಸರುಗಳು ಶರಣರ ಮನೆಯವೇ. ಆ ಹೆಸರಿಗೆ ತಕ್ಕ ನಡತೆಯನ್ನು ಕಲಿಸುವ ಹೊಣೆ ಉಪಾಧ್ಯಾಯರದು. ಈ ಪಾಠವನ್ನು ಹೇಗೆ ಕಲಿಸಬೇಕು, ಎಲ್ಲಿ ತಪ್ಪುವ ಸಂಭವವಿದೆ ಎಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು.

ಬೋರನಕಣಿವೆಯ ಕಟ್ಟೆಯ ಕೆಳಗಿನ ಒಂದು ಹಳ್ಳಿಯಲ್ಲಿ ಮಠದ ಆಶ್ರಯದ ಪಾಠಶಾಲೆಯೊಂದಿದೆಯೆಂದು ಭಾವಿಸೋಣ. ಜ್ಯೇಷ್ಠಮಾಸದಲ್ಲಿ ಶಾಲೆ ತೆರೆಯಿತು. ಉಪಾಧ್ಯಾಯರು ಮಕ್ಕಳಿಗೆ ಸಸಿ ಬೆಳೆಸುವುದನ್ನು ಕಲಿಸಲು ನಿಶ್ಚಯಿಸಿದರು. ಮುಂಗಾರಿನ ಮಳೆ ಒಮ್ಮೆ ಹೊಯ್ದರೆ ಸಣ್ಣ ಬೀಜವನ್ನು ಕೊಚ್ಚಿಕೊಂಡು ಹೋಗುವುದು, ಇರುವೆ ಹೊತ್ತುಕೊಂಡು ಹೋಗುವುದು, ಕೋಳಿ ಕೆದಕುವುದು. ಆದುದರಿಂದ ಮೊದಲ ತಿಂಗಳು ಸೂರಿನ ಕೆಳಗೆಯೇ ಬೆಳೆಸಬೇಕು. ಅವರೆ, ಹುರುಳಿ, ಬೆಂಡೆ, ಕುಂಬಳಗಳನ್ನು ನೇರವಾಗಿ ನೆಲದಲ್ಲಿಯೇ ಬಿತ್ತಬಹುದು. ಬದನೆ, ಮೆಣಸಿನಕಾಯಿ, ಟೊಮೆಟೊಗಳಿಗೆ ಒಟ್ಲು ಬೇಕು.

ಪಾತ್ರೆಗೆ ಹಣ ಬೇಕಾಗಲಿಲ್ಲ. ದಾಸೋಹದ ಅಡಿಗೆಮನೆಯಲ್ಲಿ ತುರಿದು ಎಸೆದ ಕರಟಗಳ ರಾಶಿಯಿತ್ತು. ಕಣ್ಣುಳ್ಳ ಅರ್ಧ ಕರಟಗಳನ್ನು ಆರಿಸಿ, ಮೃದುವಾದ ಕಣ್ಣನ್ನು ಮೊಳೆಯಿಂದ ತೂತು ಮಾಡಿದರು. ಯಾವ ಕಣ್ಣಿನಿಂದ ಮೊಳಕೆಯು ಹೊರಬರಬೇಕಾಗಿತ್ತೋ ಅದೇ ಕಣ್ಣಿನಿಂದ ಈಗ ಹೆಚ್ಚಿನ ನೀರು ಇಳಿದುಹೋಗುವುದು. ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಅದರ ಉಪ್ಪನ್ನೂ ಒಗರನ್ನೂ ಕಳೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ತುಂಬಿದರು. ಬೀಜದ ಗಾತ್ರದ ಎರಡರಷ್ಟು ಆಳಕ್ಕೆ ಬಿತ್ತಿ, ಮೇಲೆ ತೆಳುವಾಗಿ ಮುಚ್ಚಿ, ಬೆರಳ ತುದಿಯಿಂದ ನೀರು ಚಿಮುಕಿಸಿದರು. ಟೊಮೆಟೊ ವಾರದೊಳಗೆ ಮೊಳೆಯುವುದೆಂದೂ ಮೆಣಸಿನಕಾಯಿಗೆ ಎಂಟು ಹತ್ತು ದಿನ ಬೇಕೆಂದೂ ಬದನೆಯು ಇವೆರಡರ ನಡುವೆಯೆಂದೂ ಉಪಾಧ್ಯಾಯರು ತಿಳಿಸಿದರು. ಮೂರನೆಯ ದಿನವೇ ಮಕ್ಕಳು ಮಣ್ಣನ್ನು ಕೆದಕಿ ನೋಡತೊಡಗಿದರು.

"ಬೀಜಕ್ಕೆ ಒಂದೇ ಒಂದು ಗುಟ್ಟು ಇರ್ತದೆ ಕಣಪ್ಪ, ಅದನ್ನೂ ನೀವು ಕಸಿದುಕೊಂಡರೆ ಅದು ಯಾತಕ್ಕಾಗಿ ಮೊಳೆಯಬೇಕು?" ಎಂದು ಗುರುಗಳು ನಕ್ಕರು.

ಆ ಮಕ್ಕಳಲ್ಲಿ ಒಬ್ಬನಿಗೆ ತಂದೆಯಿರಲಿಲ್ಲ. ಅಜ್ಜಿಯೇ ಸಾಕಿದ್ದಳು. ೨೦೧೬–೧೭ರ ಬರದಲ್ಲಿ ಈ ಸೀಮೆಯ ಎಷ್ಟೋ ತೋಟಗಳಂತೆ ಅವರ ತೋಟವೂ ಸುಳಿ ಒಣಗಿ ಹಾಳಾಗಿತ್ತು. ಉಳಿದುದು ಕೆಲವೇ ಮರ. ಅಜ್ಜಿಯ ಬಳಿ ಅವಳ ತವರಿನಿಂದ ಬಂದ ಬದನೆಯ ತಳಿಯೊಂದಿತ್ತು. ಪ್ರತಿ ವರ್ಷ ಒಂದು ಕಾಯಿಯನ್ನು ಗಿಡದಲ್ಲಿಯೇ ಹಳದಿಯಾಗುವವರೆಗೆ ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಕಾಲಿನಲ್ಲಿ ಶಕ್ತಿಯಿಲ್ಲದ ಅವಳು ಆ ವರ್ಷ ಗಂಟನ್ನೇ ಮೊಮ್ಮಗನ ಕೈಗೆ ಕೊಟ್ಟು, "ಇಷ್ಟೇ ಇರೋದು ಮಗ, ಜೋಪಾನ" ಎಂದಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗನು, ತನ್ನಲ್ಲಿ ಬೀಜವಿಲ್ಲದೆ, ಒಂದು ಚಿಟಿಕೆ ಬೇಡಿದನು. ಇವನು ಒಲ್ಲದ ಮನಸ್ಸಿನಿಂದ ಹತ್ತು ಹನ್ನೆರಡು ಕಾಳನ್ನು ಎಣಿಸಿಕೊಟ್ಟನು.

ಅಜ್ಜಿಯ ಮೊಮ್ಮಗನು ತನ್ನ ಕರಟಗಳನ್ನು ಯಾರೂ ಮುಟ್ಟಬಾರದೆಂದು ಉಗ್ರಾಣದ ಒಳಮೂಲೆಯಲ್ಲಿಟ್ಟನು. ಗಾಳಿ ತಾಗದು, ಬಿಸಿಲು ತಾಗದು. ದಿನಕ್ಕೆ ಮೂರು ಬಾರಿ ನೀರು. ಸಸಿಗಳು ಬೇಗ ಎದ್ದು ಗೇಣುದ್ದ ನೀಳವಾಗಿ ಬೆಳೆದುವು. ಪಕ್ಕದ ಹುಡುಗನ ಕರಟಗಳು ಜಗಲಿಯ ಅಂಚಿನಲ್ಲಿದ್ದುವು. ಬೆಳಗಿನ ಬಿಸಿಲು ಬೀಳುತ್ತಿತ್ತು, ಗಾಳಿ ಅಲುಗಿಸುತ್ತಿತ್ತು. ಅವನ ಸಸಿಗಳು ನಾಲ್ಕು ಬೆರಳೂ ಎದ್ದಿರಲಿಲ್ಲ. ಮಠಕ್ಕೆ ಹಿರಿಯರು ಬಂದ ದಿನ ಉಪಾಧ್ಯಾಯರು ನೀಳವಾದ ಸಸಿಗಳನ್ನು ಮುಂದಕ್ಕೆ ತರಿಸಿ, "ಶ್ರದ್ಧೆಯೆಂದರೆ ಇದು" ಎಂದು ಪ್ರಶಂಸಿಸಿದರು. ಗಿಡ್ಡ ಸಸಿಗಳ ಹುಡುಗನು ತಲೆ ತಗ್ಗಿಸಿ ನಿಂತನು.

ಆಷಾಢ ಬಂದಿತು. ಆ ಸೀಮೆಯಲ್ಲಿ ಆಷಾಢವೆಂದರೆ ಗಾಳಿ. ಸಸಿಗಳನ್ನು ಹಿತ್ತಿಲಿನ ಪಾತಿಗೆ ಕಿತ್ತು ನೆಟ್ಟರು. ಮರುದಿನ ಬೆಳಗ್ಗೆ ನೋಡಿದರೆ ನೀಳವಾದ ಸಸಿಗಳು ಒಂದೂ ಬಿಡದೆ ನೆಲಕ್ಕೆ ಮಲಗಿದ್ದುವು. ಕಾಂಡದಲ್ಲಿ ಕಸುವಿರಲಿಲ್ಲ, ಬಣ್ಣ ಬಿಳಿಚಿತ್ತು, ಎರಡು ಮೂರರ ಬುಡವು ಅತಿಯಾದ ನೀರಿನಿಂದ ಮೊದಲೇ ಕೊಳೆತಿತ್ತು. ಎರಡು ದಿನದಲ್ಲಿ ಎಲ್ಲವೂ ಒಣಗಿಹೋದುವು. ಅಜ್ಜಿಯ ಗಂಟಿನಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

ಹುಡುಗನು ಅಳಲಿಲ್ಲ. ಊಟಕ್ಕೆ ಬರಲಿಲ್ಲ. ಸಂಜೆ ಗುರುಗಳ ಮುಂದೆ ಬಂದು ನಿಂತು, "ಗುರುಗಳೆ, ತಾವು ಚೆನ್ನಾಗಿದೆ ಅಂದಿದ್ರಿ" ಎಂದನು. ಅಷ್ಟೇ ಮಾತು.

ಉಪಾಧ್ಯಾಯರು ಆ ರಾತ್ರಿ ನಿದ್ರಿಸಲಿಲ್ಲ. ಕತ್ತಲೆಯಲ್ಲಿರುವ ಸಸಿಯು ಬೆಳಕನ್ನು ಹುಡುಕುವ ಸಂಕಟದಿಂದ ನೀಳವಾಗುವುದೇ ಹೊರತು ಪುಷ್ಟಿಯಿಂದಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಿಳಿದೂ, ಬಂದವರ ಕಣ್ಣಿಗೆ ಚೆನ್ನಾಗಿ ಕಾಣುವುದನ್ನು ಮುಂದೆ ಇಟ್ಟಿದ್ದರು. ಮಾರನೆಯ ದಿನ ಪ್ರಾರ್ಥನೆಯಾದ ಮೇಲೆ ಮಕ್ಕಳೆಲ್ಲರ ಮುಂದೆ ನಿಂತು ಹೇಳಿದರು: "ಸೋತದ್ದು ಈ ಮಗು ಅಲ್ಲ. ಎತ್ತರವನ್ನು ನೋಡಿ ಬುಡವನ್ನು ನೋಡದೆ ಹೋದವನು ಇವನ ಗುರು. ನೆರಳಿನಿಂದ ಹೊರಗೆ ತರಬೇಕಾದ ಕಾಲದಲ್ಲಿ ನಾನು ಇವನಿಗೆ ಹೇಳಲಿಲ್ಲ, ಹೊಗಳಿ ಸುಮ್ಮನಾದೆ."

ಆಗ ಗಿಡ್ಡ ಸಸಿಗಳ ಹುಡುಗನು ಎದ್ದು ಹೊರಗೆ ಹೋದನು. ಅವನು ಹನ್ನೆರಡು ಕಾಳು ಬಿತ್ತಿದ್ದನು. ಏಳು ಸಸಿಗಳು ಗಾಳಿಯಲ್ಲಿ ನಿಂತಿದ್ದುವು. ನಾಲ್ಕನ್ನು ಮಣ್ಣುಸಮೇತ ಕರಟಕ್ಕೆ ಎತ್ತಿಕೊಂಡು ಬಂದು ಗೆಳೆಯನ ಮುಂದಿಟ್ಟು, "ನಿಮ್ಮ ಅಜ್ಜೀದೇ ಅಲ್ವೇನೋ" ಎಂದನು. ಜೋಪಾನ ಮಾಡಿದುದೆಲ್ಲ ಹೋಯಿತು. ಒಲ್ಲದ ಮನಸ್ಸಿನಿಂದಾದರೂ ಕೊಟ್ಟುದು ಉಳಿಯಿತು. ಆ ನಾಲ್ಕರಲ್ಲಿ ಒಂದು ಸತ್ತಿತು, ಮೂರು ಕಾಯಿಬಿಟ್ಟುವು. ಕಾರ್ತಿಕದಲ್ಲಿ ಹುಡುಗನು ಒಂದು ಕಾಯಿಯನ್ನು ಕೊಯ್ಯದೆ ಹಳದಿಯಾಗಲು ಬಿಟ್ಟನು. ಅಜ್ಜಿಗೆ ಹೊಸ ಬೀಜದ ಗಂಟು ತಲಪಿತು. ಅದರ ಜೊತೆಗೆ, ಈ ಬಾರಿ ತಾನಾಗಿಯೇ, ತರಗತಿಯ ಪ್ರತಿಯೊಬ್ಬನಿಗೂ ಒಂದು ಚಿಟಿಕೆ.

ದೃಷ್ಟಾಂತವು ಇಲ್ಲಿಗೆ ಮುಗಿಯಿತು. ಇದರಿಂದ ತಿಳಿಯತಕ್ಕ ಸಂಗತಿಗಳು ಮೂರು.

ಮೊದಲನೆಯದು ನೆರಳಿನ ಅಳತೆ. ಸಸಿಗೆ ನೆರಳು ಬೇಕು, ಆದರೆ ಕೊನೆಯವರೆಗೂ ಅಲ್ಲ. ತಿಳಿದ ತೋಟಗಾರನು ಕಿತ್ತು ನೆಡುವ ವಾರ ಹತ್ತು ದಿನಗಳ ಮೊದಲಿನಿಂದ ನೀರನ್ನು ಕಡಮೆಮಾಡುತ್ತ, ಮೊದಲ ದಿನ ಒಂದು ಗಳಿಗೆ, ಮರುದಿನ ಎರಡು ಗಳಿಗೆ, ಹೀಗೆ ಬಿಸಿಲಿಗೆ ಒಗ್ಗಿಸುವನು. ನೋಡುವವರಿಗೆ ಇದು ಕಾಠಿಣ್ಯವೆಂದು ತೋರೀತು, ಇದುವೇ ಕಾರುಣ್ಯ. ತಂದೆತಾಯಿಗಳ ವಾತ್ಸಲ್ಯವೂ ಗುರುವಿನ ರಕ್ಷಣೆಯೂ ಮಠದ ಆಶ್ರಯವೂ ಸಸಿಮಡಿಯ ಚಪ್ಪರವಿದ್ದಂತೆ. ಚಪ್ಪರವು ಕಾಯಬೇಕು, ಕಾಲ ಬಂದಾಗ ಸರಿಯಬೇಕು. ಸರಿಯಲು ಒಲ್ಲದ ಚಪ್ಪರವು ತಾನು ಕಾದುದನ್ನು ತಾನೇ ಕೊಲ್ಲುವುದು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು (೧೯೦೭–೨೦೧೯) ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಲ್ಲಿನ ಶಿವರಾತ್ರಿಯ ಜಾತ್ರೆಯೊಡನೆ ಕೃಷಿ ಮತ್ತು ಕೈಗಾರಿಕೆಗಳ ವಸ್ತುಪ್ರದರ್ಶನವನ್ನೂ ನಡೆಸಿದರು. ಪೂಜೆ, ಪಾಠ, ನೇಗಿಲು ಒಂದೇ ಅಂಗಳದಲ್ಲಿರುವಲ್ಲಿ ಬೆಳೆದ ಮಗುವು ಹೊರಗಿನ ಗಾಳಿಗೆ ಅಂಜುವುದಿಲ್ಲ.

ಎರಡನೆಯದು ಕತ್ತಲೆಯ ಗೌರವ. ಬೀಜಕ್ಕೆ ಬೇಕಾದ ಕತ್ತಲೆಯೊಂದುಂಟು, ಅದನ್ನು ಕೆದಕಬಾರದು. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತ ಕಾರಣದಿಂದಲೇ ಸಿದ್ಧಲಿಂಗ ಯತಿಗಳಿಗೆ ತೋಟದ ಸಿದ್ಧಲಿಂಗರೆಂಬ ಹೆಸರಾಯಿತು. ಅವರ ಮೇಲೆ ಹುತ್ತ ಬೆಳೆದು ಮುಚ್ಚಿತೆಂದೂ ಆ ಹುತ್ತಕ್ಕೆ ಹಸುವೊಂದು ಹಾಲು ಕರೆಯುತ್ತಿತ್ತೆಂದೂ ಭಕ್ತರು ಹೇಳುವರು. ಮಣ್ಣಿನೊಳಗೆ ಇದ್ದಷ್ಟು ಕಾಲ ಅವರು ಲೋಕಕ್ಕೆ ಕಾಣಲಿಲ್ಲ. ಹೊರಬಂದ ಮೇಲೆ ನಾಡೆಲ್ಲ ಅವರ ನೆರಳಾಯಿತು. ಅವರು ಹುತ್ತದಲ್ಲಿಯೇ ಉಳಿಯಲಿಲ್ಲವೆಂಬುದನ್ನೂ ಮರೆಯಬಾರದು. ಷಟ್‌ಸ್ಥಲವನ್ನು ಬೋಧಿಸಿ ಏಳುನೂರೊಂದು ಮಂದಿ ವಿರಕ್ತರೊಡನೆ ಸಂಚರಿಸಿದರೆಂಬುದು ಪ್ರತೀತಿ. ಮಕ್ಕಳ ಬುದ್ಧಿಯೂ ಕೆಲಕಾಲ ಹುತ್ತದೊಳಗಿರುವುದು. ಮೂರನೆಯ ದಿನವೇ ಕೆದಕಿ ಅಂಕಗಳನ್ನು ಎಣಿಸುವ ತಂದೆತಾಯಿಗಳು ಬೀಜದ ಗುಟ್ಟನ್ನು ಬಲ್ಲವರಲ್ಲ. ಆದರೆ ಹುತ್ತದಿಂದ ಹೊರಬರುವ ಕಾಲವೂ ಒಂದುಂಟೆಂಬುದನ್ನು ಗುರುವು ಅರಿತಿರಬೇಕು.

ಮೂರನೆಯದು ಹಂಚಿಕೆ. ಆಯ್ದಕ್ಕಿ ಮಾರಯ್ಯನು ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಕೂಡಿಟ್ಟ ಅಕ್ಕಿಗೆ ಹುಳು ಬೀಳುವುದು. ಕೂಡಿಟ್ಟ ಬೀಜಕ್ಕೆ ಮುಪ್ಪು ಬರುವುದು. ಕೂಡಿಟ್ಟ ವಿದ್ಯೆಗೆ ಅಹಂಕಾರ ಹತ್ತುವುದು. ಒಂದೇ ಮನೆಯಲ್ಲಿರುವ ತಳಿಯು ಒಂದು ಬರಕ್ಕೆ ನಾಶವಾದೀತು. ಹತ್ತು ಹಿತ್ತಿಲಿಗೆ ಹಂಚಿದ ತಳಿಗೆ ಹತ್ತು ಜೀವ. ಬೀಜದ ವಿಷಯದಲ್ಲಿ ಕೊಡುವುದೇ ಕಾಯುವ ಉಪಾಯ. ದಾಸೋಹವು ಕೊಡುವವನಿಗೆ ನಷ್ಟವಲ್ಲವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಡ.

ಈ ಮಾತುಗಳು ಇಂದಿನ ತೆಂಗಿನ ಸೀಮೆಗೆ ಹೆಚ್ಚು ಅನ್ವಯಿಸುವುವು. ಕೊಬ್ಬರಿಯ ದರವು ಏರುವುದುಂಟು, ಇಳಿಯುವುದುಂಟು. ೨೦೨೩ರಲ್ಲಿ ಉಂಡೆ ಕೊಬ್ಬರಿಯ ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಯಿದ್ದಾಗ ಮಾರು���ಟ್ಟೆಯ ದರವು ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗೆ ಬಂದರು. ಅಂಥ ವರ್ಷಗಳಲ್ಲಿ ಮನೆಮನೆಯ ಹಿರಿಯರೂ ಮಗನಿಗೆ ಹೇಳುವುದು ಒಂದೇ ಮಾತು: ಓದಿ ಪಟ್ಟಣ ಸೇರಿಕೊ. ಆ ಮಾತಿನ ಹಿಂದಿನ ಕಷ್ಟವನ್ನು ಯಾರೂ ಹಗುರವೆಂದು ತಿಳಿಯಬಾರದು. ಆದರೆ ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷವಾದರೂ ಬೇಕು. ಇಂದು ಬರಕ್ಕೆ ಬಿದ್ದ ಮರದ ಗುಣಿಯಲ್ಲಿ ಇಂದೇ ಒಂದು ಸಸಿಯನ್ನು ಇಡದಿದ್ದರೆ ಆರೇಳು ವರ್ಷಗಳ ಮೇಲೆ ಆ ಗುಣಿಯ ಸುತ್ತ ಮಾತನಾಡಲು ಯಾರೂ ಇರುವುದಿಲ್ಲ. ಪಟ್ಟಣಕ್ಕೆ ಹೋಗುವ ಮಗನು ಹೋಗಲಿ. ಹೋಗುವ ಮುನ್ನ ಸಸಿಯನ್ನು ಬೆಳೆಸಲು ಬಲ್ಲವನಾಗಿ ಹೋಗಲಿ. ಬೀಜವನ್ನು ಮೊಳೆಯಿಸಿ ನೋಡಿದ ಕೈಯು ಎಲ್ಲಿದ್ದರೂ ಕಾಯುವುದನ್ನು, ಅಳೆದು ಕೊಡುವುದನ್ನು, ತಪ್ಪನ್ನು ಒಪ್ಪಿಕೊಂಡು ಪುನಃ ಬಿತ್ತುವುದನ್ನು ಮರೆಯುವುದಿಲ್ಲ.

ಉಪಾಧ್ಯಾಯರಾದವರು ತಮ್ಮನ್ನು ತಾವು ನಿತ್ಯವೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ತಮ್ಮ ಕೈಗೆ ಬಂದ ಕಾಯಿಯನ್ನು ಅಟ್ಟಕ್ಕೆ ಏರಿಸುತ್ತಿದ್ದೇವೆಯೋ, ಮಡಿಗೆ ಇಳಿಸುತ್ತಿದ್ದೇವೆಯೋ? ಸದ್ದನ್ನು ಕೇಳಿ ಮೆಚ್ಚುತ್ತಿದ್ದೇವೆಯೋ, ಬುಡವನ್ನು ಮುಟ್ಟಿ ನೋಡುತ್ತಿದ್ದೇವೆಯೋ? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡವರ ಶಾಲೆಯಲ್ಲಿ ಕೆಲವು ಬೀಜ ಸತ್ತರೂ ತಳಿ ಸಾಯುವುದಿಲ್ಲ.

ಮುಕ್ಕಣ್ಣನು ಪ್ರತಿಯೊಂದು ಮಗುವಿನಲ್ಲಿಯೂ ಒಂದು ಮೃದುವಾದ ಕಣ್ಣನ್ನಿಟ್ಟು ಕಳುಹಿಸಿದ್ದಾನೆ. ಅದು ಯಾವುದೆಂದು ಹುಡುಕುವ ಬೆರಳು ಗುರುವಿಗಿರಲಿ. ಅದು ತಾನಾಗಿ ತೆರೆಯುವವರೆಗೆ ಕಾಯುವ ತಾಳ್ಮೆ ತಂದೆತಾಯಿಗಳಿಗಿರಲಿ. ತೆರೆದ ಮೇಲೆ ಬಿಸಿಲಿಗೆ ನಿಲ್ಲುವ ಕಸುವು ಮಗುವಿಗಿರಲಿ. ಶ್ರೀಗುರು ಬಸವಾದಿ ಪ್ರಮಥರ ಕರುಣೆ ಎಲ್ಲರ ಮೇಲಿರಲಿ.